ಅದೂ ಹೌದು ಎನ್ನುತ್ತಿದ್ದ ಟೀಚರ್

ನಮ್ಮೂರ ಶಾಲೆಗೆ ಮಗುವನ್ನು ಸೇರಿಸೋಣವೇ ಎಂದು ನೋಡಲು ಹೋದವರಿಗೆ ಆ ಟೀಚರ್ ಮೊದಲು ತೋರಿಸುತ್ತಿದ್ದುದು ಶೌಚಾಲಯವನ್ನು. ನನಗೂ ಹಾಗೇ ಮಾಡಿದರು. ಗೋಣಿಬೀಡಿನಿಂದ ಸ್ವಲ್ಪ ಒಳಗೆ, ನಮ್ಮ ತೋಟದ ಬೇಲಿಗೆ ತಾಗಿದಂತಿದ್ದ ಆ ಕಿರಿಯ ಪ್ರಾಥಮಿಕ ಶಾಲೆಗೆ ಮಗಳು ಸಿಂಚನಳ ಕೈಹಿಡಿದುಕೊಂಡು ನಾನು ಹೋದದ್ದು ಮೇ ತಿಂಗಳ ಕೊನೆಯಲ್ಲಿ. ಹೆಡ್ಮಿಸ್ಟ್ರೆಸ್ ಅವರೇ ಮೆಟ್ಟಿಲಿಳಿದು ಬಂದರು. ನಮಸ್ಕಾರ ಹೇಳುವ ಮೊದಲೇ, "ಬನ್ನಿ, ಇದನ್ನ ಮೊದ್ಲು ನೋಡ್ಬಿಡಿ," ಎಂದು ಕಟ್ಟಡದ ಹಿಂದಕ್ಕೆ ಕರೆದೊಯ್ದರು. ಸರಿಯಾಗಿ ಮುಚ್ಚದ ಬಾಗಿಲನ್ನು ತಾವೇ ಎಳೆದು ತೋರಿಸಿದರು.

"ಚಿಲಕ ಇಲ್ಲ. ಒಬ್ಳು ಒಳಗೆ ಹೋದ್ರೆ ಇನ್ನೊಬ್ಳು ಹೊರಗೆ ಕಾವಲು. ಬೇಸಿಗೇಲಿ ನೀರಿಗೂ ಕಷ್ಟ."

ಅಲ್ಲಿಂದ ತರಗತಿಗೆ. "ಒಂದು, ಎರಡು, ಮೂರು, ಮೂರೂ ಕ್ಲಾಸು ಇದೇ ಕೋಣೇಲಿ. ಆ ಮೂಲೆ ಸೋರತ್ತೆ. ಮಳೆ ಜಾಸ್ತಿ ಆದ್ರೆ ಎಲ್ರೂ ಈ ಮೂಲೆಗೆ ಬರೋದು. ಮತ್ತೆ ಇಂಗ್ಲಿಷು. ಅದನ್ನೂ ಹೇಳ್ಬಿಡ್ತೀನಿ. ನಂಗೆ ಓದೋಕೆ ಬರತ್ತೆ, ಮಾತಾಡೋಕೆ ನಾಚಿಕೆ. ನನ್ ಹತ್ರ ಕಲಿತ್ರೆ ನಿಮ್ಮ ಮಗಳಿಗೂ ಆ ನಾಚಿಕೆ ಅಂಟ್ಕೊಳ್ಬಹುದು. ಯೋಚ್ನೆ ಮಾಡಿ."

ನನಗೆ ನಗು ಬಂತು. "ಒಳ್ಳೇದು ಏನೂ ಇಲ್ವಾ ಟೀಚರ್?" ಎಂದೆ.

ಅವರು ನಗಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ನಿಜಕ್ಕೂ ಯೋಚಿಸಿದರು. "ಮನೆ ಹತ್ರ ಅಲ್ವಾ. ಮತ್ತೆ... ಇಲ್ಲಿ ಒಂದು ಮಗು ಬೆಳಗಿಂದ ಸಂಜೇವರೆಗೆ ಮಾತಾಡದೆ ಕೂತಿದ್ರೆ ನಂಗೆ ಗೊತ್ತಾಗತ್ತೆ. ಅಷ್ಟು ಹೇಳ್ಬಹುದು. ಅದಕ್ಕಿಂತ ಜಾಸ್ತಿ ಹೇಳಿದ್ರೆ ಸುಳ್ಳಾಗತ್ತೆ."

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೊಗಳಿದರೆ ಅವರಿಗೆ ಇರಿಸುಮುರಿಸಾಗುತ್ತಿತ್ತು. ದೂರೋಣವೆಂದರೆ ನನಗೆ ಮನಸ್ಸು ಬಾರದು. ಎರಡರಲ್ಲಿ ಯಾವುದು ನ್ಯಾಯವೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಕಳಸದ ಕಡೆಯವರು, ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತಿದ್ದರು, ಗೋಣಿಬೀಡಿನಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದರು ಎಂದಿಷ್ಟು ಹೇಳಿದರೆ ಸಾಕು. ಊರಿನವರೆಲ್ಲ ದೊಡ್ಡ ಟೀಚರ್ ಎನ್ನುತ್ತಿದ್ದರು. ಅವರೊಡನೆ ಇನ್ನೊಬ್ಬರು ಚಿಕ್ಕ ಟೀಚರ್ ಇದ್ದರು. ಶಾಲೆಯೆಂದರೆ ಅಷ್ಟೇ.

ನಮ್ಮ ಮನೆಯಲ್ಲಿ ಆಗ ದಿನವೂ ಇದೇ ಚರ್ಚೆ. ನಮ್ಮದು ಸಣ್ಣ ಹಿಡುವಳಿ, ಸ್ವಲ್ಪ ಕಾಫಿ, ಸ್ವಲ್ಪ ಮೆಣಸು. ಆದರೂ ನಮ್ಮಂಥ ಮನೆಗಳ ಮಕ್ಕಳೆಲ್ಲ ಮೂಡಿಗೆರೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಳದಿ ವ್ಯಾನಿನಲ್ಲಿ ಹೋಗುತ್ತಿದ್ದರು. ನನ್ನ ಗಂಡನಿಗೆ ಅದೇ ಸರಿಯೆನಿಸಿತ್ತು. "ನಾಳೆ ಅವಳು ನಮ್ಮನ್ನ ಬೈಬಾರ್ದು," ಎನ್ನುವುದು ಅವರ ಒಂದೇ ಮಾತು. ಅತ್ತೆಯದು ಬೇರೆ ಲೆಕ್ಕ: "ಆ ಪುಟ್ಟ ಕೂಸನ್ನ ಇಬ್ಬನೀಲಿ ಎಬ್ಬಿಸಿ ವ್ಯಾನಿಗೆ ತುಂಬ್ಬೇಕನಾ? ಇಲ್ಲೇ ಬೇಲಿ ದಾಟಿದ್ರೆ ಶಾಲೆ." ಹೀಗೆಂದ ಅತ್ತೆಯೇ ಮರುದಿನ, "ಅಲ್ಲಿ ಬರೀ ಲೈನಿನ ಮಕ್ಕಳೇ ಅಂತಲ್ಲ," ಎಂದು ರಾಗ ಎಳೆಯುತ್ತಿದ್ದರು. ಎಸ್ಟೇಟ್ ಕೆಲಸಗಾರರ ಸಾಲುಮನೆಗಳಿಗೆ ನಮ್ಮ ಕಡೆ ಲೈನು ಎನ್ನುತ್ತೇವೆ. ನಾನು ವಸ್ತಾರೆಯ ಹತ್ತಿರ ಸರ್ಕಾರಿ ಶಾಲೆಯಲ್ಲೇ ಓದಿದವಳು. ಅದು ನನಗೆ ಒಳಿತು ಮಾಡಿತೋ ಕೆಡುಕು ಮಾಡಿತೋ ಎಂದು ಎಂದೂ ಯೋಚಿಸಿರಲಿಲ್ಲ. ಈಗ ಯೋಚಿಸಿದರೆ ಉತ್ತರವೇ ಹೊಳೆಯದು.

ಕೊನೆಗೆ ಮತ್ತೆ ಟೀಚರ ಬಳಿಗೇ ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ವ್ಯಾನಲ್ಲಿ ವಾಂತಿ ಮಾಡ್ತಾಳಾ?"

"ಮಾಡ್ತಾಳೆ ಟೀಚರ್. ಮೂಡಿಗೆರೆಗೆ ಹೋಗೋದ್ರೊಳಗೆ ಒಂದ್ಸಲ ಗ್ಯಾರಂಟಿ."

"ಹಂಗಾದ್ರೆ ಸದ್ಯಕ್ಕೆ ಇಲ್ಲಿರ್ಲಿ. ಹೊಟ್ಟೆ ತೊಳಸ್ತಾ ಎಂತ ಕಲೀತಾಳೆ ಮಾರಾಯ್ತಿ?"

ನಾವು ತಿಂಗಳುಗಟ್ಟಲೆ ತಲೆಕೆಡಿಸಿಕೊಂಡಿದ್ದು ಆ ಒಂದು ಮಾತಿನಲ್ಲಿ ಮುಗಿಯಿತು. ಸಿಂಚನ ಬೇಲಿ ದಾಟಿ ಶಾಲೆಗೆ ಹೋಗತೊಡಗಿದಳು.

ಅವರ ಬಾಯಲ್ಲಿ ಸದಾ ಇದ್ದ ಮಾತು "ಅದೂ ಹೌದು". ಸರ್ಕಾರಿ ಶಾಲೆ ಉಳಿಯಬೇಕು ಟೀಚರ್ ಎಂದರೆ, ಅದೂ ಹೌದು. ಇಂಗ್ಲಿಷ್ ಇಲ್ಲದೆ ಇನ್ನು ಬದುಕಿಲ್ಲ ಎಂದರೆ, ಅದೂ ಹೌದು. ತೇಲಿಸಿ ಮಾತಾಡುವವರ ಹಾಗಲ್ಲ, ಎರಡು ಸಲವೂ ಮನಸ್ಸಿಟ್ಟೇ ಹೇಳುತ್ತಿದ್ದರು. ಮಾತಾಡುವಾಗ ಕೈ ಸುಮ್ಮನಿರುತ್ತಿರಲಿಲ್ಲ. ಬ್ಲೇಡಿನಿಂದ ಮಕ್ಕಳ ಪೆನ್ಸಿಲ್ ಕೆತ್ತುತ್ತಿರುತ್ತಿದ್ದರು, ಮಡಿಲ ತುಂಬ ಸಿಪ್ಪೆ. ಮಧ್ಯಾಹ್ನ ಮಕ್ಕಳ ಸಾಲಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಬಿಸಿಯೂಟ ಉಣ್ಣುತ್ತಿದ್ದರು. ಸಾರಿಗೆ ಉಪ್ಪು ಕಮ್ಮಿಯಾದರೆ ಮಕ್ಕಳಿಗಿಂತ ದೊಡ್ಡ ಗಲಾಟೆ ಅವರದೇ. ಹಾಡು ಹೇಳಿಕೊಡುವಾಗ ರಾಗ ತಪ್ಪುತ್ತಿತ್ತು. ಮಕ್ಕಳು "ಹಂಗಲ್ಲ ಟೀಚರ್" ಎಂದು ತಿದ್ದುತ್ತಿದ್ದರು. ಅವರು ಮತ್ತೆ ತಪ್ಪುತ್ತಿದ್ದರು.

ಅವರಲ್ಲಿ ಕೊರತೆಗಳೂ ಇದ್ದವು. ಮುಂಗೋಪಿ. ಸೋಮವಾರ ಕಳಸದ ಬಸ್ಸು ತಡವಾದರೆ ಪ್ರಾರ್ಥನೆ ಮುಗಿದ ಮೇಲೆ ಬರುತ್ತಿದ್ದರು. ಮೀಟಿಂಗ್ ಎಂದು ಮೂಡಿಗೆರೆಗೆ ಹೋದರೆ ಆ ದಿನ ಎಲ್ಲ ತರಗತಿಗಳೂ ಚಿಕ್ಕ ಟೀಚರ ತಲೆಗೆ. ಚೆನ್ನಾಗಿ ಓದುವ ಮಕ್ಕಳ ಕಡೆ ಅವರು ನೋಡುತ್ತಲೇ ಇರಲಿಲ್ಲ ಎನ್ನುವುದು ನನ್ನ ದೂರು. ಅವರ ಕಣ್ಣೆಲ್ಲ ಹಿಂದೆ ಬಿದ್ದವರ ಮೇಲೆ. ಲೈನಿನಲ್ಲಿದ್ದ ಸುಮಿತ್ರಳ ಮಗಳು ರಕ್ಷಿತ ಅಂಥವಳು. ಸಿಂಚನಳ ಓರಗೆಯವಳು, ಮಾತಾಡುವಾಗ ತೊದಲುತ್ತಿದ್ದಳು. ಅದಕ್ಕೇ ಮಾತೇ ಬೇಡವೆಂದು ಬಾಯಿ ಮುಚ್ಚಿ ಕೂತುಬಿಡುತ್ತಿದ್ದಳು. ಟೀಚರ್ ಅವಳನ್ನು ಎಂದೂ ಎದ್ದು ನಿಲ್ಲಿಸಿ ಪ್ರಶ್ನೆ ಕೇಳಲಿಲ್ಲ. ಪೆನ್ಸಿಲ್ ಕೆತ್ತುವಾಗ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು, ಅಷ್ಟೇ. ಎರಡನೆಯ ವರ್ಷದಲ್ಲಿ ಒಂದು ದಿನ ಆ ಹುಡುಗಿ, ಇಡೀ ತರಗತಿಗೆ ಕೇಳುವಂತೆ, ಅವರು ತಪ್ಪಿದ ರಾಗವನ್ನು ತಿದ್ದಿದಳಂತೆ. ಸುಮಿತ್ರ ಅದನ್ನು ನನಗೆ ಹೇಳುವಾಗ ಅವಳ ಕಣ್ಣು ತುಂಬಿತ್ತು.

ಅಷ್ಟರಲ್ಲಿ ನಾನು ಆ ಶಾಲೆಯ ವಕೀಲಳೇ ಆಗಿಬಿಟ್ಟಿದ್ದೆ. ಮದುವೆ ಮನೆಗಳಲ್ಲಿ ನೆಂಟರು, "ಇನ್ನೂ ಅಲ್ಲೇ ಓದ್ತಾಳನಾ?" ಎಂದು ಕೇಳಿದರೆ ಅರ್ಧಗಂಟೆ ವಾದ ಮಾಡುತ್ತಿದ್ದೆ. ಶಾಲೆಯ ಸಮಿತಿಗೆ ಸೇರಿದೆ. ಚಿಲಕ ಹಾಕಿಸಿದ್ದು ನಾನೇ.

ಸಿಂಚನ ಮೂರನೇ ತರಗತಿಯಲ್ಲಿದ್ದಾಗ, ಮಳೆಗಾಲ ಮುಗಿದ ಮೇಲೆ, ಟೀಚರ್ ಮಕ್ಕಳನ್ನೆಲ್ಲ ಪಿಕಪ್ ಗಾಡಿಯಲ್ಲಿ ದೇವರಮನೆ ಬೆಟ್ಟಕ್ಕೆ ಕರೆದುಕೊಂಡು ಹೋದರು. ಜೊತೆಗೆ ನಾನೂ ಸುಮಿತ್ರಳೂ ಹೋದೆವು. ಅಲ್ಲಿ ಹುಲ್ಲು ಗುಡ್ಡ ಕಂಡದ್ದೇ ತಡ ಮಕ್ಕಳೆಲ್ಲ ಚೆಲ್ಲಾಪಿಲ್ಲಿ ಓಡಿದರು. ರಕ್ಷಿತ ಎಲ್ಲರಿಗಿಂತ ಮುಂದೆ. ಸಿಂಚನ ಮಾತ್ರ ಓಡಲಿಲ್ಲ. ಒಂದನೇ ತರಗತಿಯ ಇಬ್ಬರು ಪುಟಾಣಿಗಳ ಕೈ ಹಿಡಿದುಕೊಂಡು, ಇನ್ನೊಬ್ಬಳ ಮೂಗು ಒರೆಸಿ, ದೂರ ಹೋದವರನ್ನು "ಅಂಚಿಗೆ ಹೋಗ್ಬೇಡ್ರೋ" ಎಂದು ಕೂಗುತ್ತ ನಿಂತಿದ್ದಳು. ಟೀಚರ್ ಹತ್ತಿರ ಹೋಗಿ, "ಹೋಗೇ, ಓಡು ನೀನೂ," ಎಂದರು.

"ಇವ್ರನ್ನ ಯಾರು ನೋಡ್ಕೊಳ್ತಾರೆ ಟೀಚರ್?" ಎಂದಳು ಮಗಳು.

ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಟೀಚರ್ ಗುಡ್ಡದ ಕಡೆ ನೋಡುತ್ತ ನಿಂತರು.

ಆ ವಾರವೇ ನನ್ನನ್ನು ಶಾಲೆಗೆ ಕರೆಸಿದರು. ಜಗಲಿಯಲ್ಲಿ ಕೂರಿಸಿ ನೇರವಾಗಿ ಹೇಳಿದರು: "ಬರೋ ವರ್ಷ ಸಿಂಚನನ್ನ ಇಲ್ಲಿಂದ ಬಿಡಿಸಿ. ಮೂಡಿಗೆರೆಗೆ ಹಾಕಿ."

ನಾನು ಕೇಳಿದ್ದು ತಪ್ಪೇನೋ ಅನಿಸಿತು. "ಎಂತಾಯ್ತು ಟೀಚರ್? ತಪ್ಪು ಮಾಡಿದ್ಲಾ?"

"ತಪ್ಪೇ ಮಾಡಲ್ಲ ಅವ್ಳು. ಅದೇ ಕಷ್ಟ. ಇಲ್ಲಿ ಅವ್ಳಿಗೆ ಸಮ ಯಾರೂ ಇಲ್ಲ. ಜಗಳಕ್ಕೆ ಬರೋರಿಲ್ಲ, ಸೋಲ್ಸೋರಿಲ್ಲ. ನಾವಿಬ್ರೂ ಬೇರೆ ಕೆಲ್ಸದಲ್ಲಿದ್ರೆ ಸಣ್ಣವ್ರನ್ನ ಅವ್ಳ ಕೈಗೆ ಕೊಟ್ಬಿಡ್ತೀವಿ. ನಮಗೆ ಅನುಕೂಲ. ಆದ್ರೆ ಅವ್ಳು ಈ ವಯಸ್ಸಿಗೇ ಟೀಚರ್ ಆಗ್ಬಿಟ್ಳು ಮಾರಾಯ್ತಿ. ಇನ್ನೊಬ್ರಿಗೆ ಏನು ಬೇಕು ಅಂತ ನೋಡಿ ನೋಡಿ, ತನಗೆ ಏನು ಬೇಕು ಅಂತ ಕೇಳೋದೇ ಕಲೀತಿಲ್ಲ."

ನಾನು ಯಾವುದನ್ನು ಎಲ್ಲರೆದುರು ಹೊಗಳಿಕೊಂಡು ತಿರುಗುತ್ತಿದ್ದೆನೋ ಅದನ್ನೇ ಅವರು ಕಾಯಿಲೆಯಂತೆ ಹೇಳುತ್ತಿದ್ದರು. ಸಿಟ್ಟು ಬಂತೋ ಭಯವಾಯಿತೋ ತಿಳಿಯಲಿಲ್ಲ. "ಈಗಾಗ್ಲೇ ಮಕ್ಕಳು ಕಮ್ಮಿ. ಇವಳೂ ಹೋದ್ರೆ ಶಾಲೆ ಮುಚ್ತಾರೆ ಟೀಚರ್," ಎಂದೆ.

"ಅದೂ ಹೌದು," ಎಂದರು.

ಎರಡು ದಿನ ಕಳೆದು ಗೋಣಿಬೀಡಿನ ಬಸ್ ಸ್ಟಾಪಿನಲ್ಲಿ ಸುಮಿತ್ರ ಸಿಕ್ಕಳು. ಅವಳ ಎಸ್ಟೇಟಿನ ಧಣಿಗಳು ಮೂಡಿಗೆರೆಯ ಶಾಲೆಗೆ ಮಾತಾಡಿ ರಕ್ಷಿತಳಿಗೆ ಸೀಟು ಕೊಡಿಸುವುದಾಗಿ ಹೇಳಿದ್ದರಂತೆ. ಅವಳು ಖುಷಿಯಿಂದ ಟೀಚರ ಬಳಿ ಹೋದರೆ ಅವರು, "ಬೇಡ, ಈಗ್ಲೇ ಬಿಡಿಸ್ಬೇಡ, ಇನ್ನೆರಡು ವರ್ಷ ಇಲ್ಲೇ ಇರ್ಲಿ," ಎಂದರಂತೆ.

ನಾನು ಯೋಚಿಸದೆ ಬಾಯಿಬಿಟ್ಟೆ. "ನಂಗೆ ಬಿಡಿಸಿ ಅಂದ್ರಲ್ಲ!"

ಸುಮಿತ್ರಳ ಮುಖ ಕಪ್ಪಿಟ್ಟಿತು. ಅವಳು ಯಾವಾಗಲೂ ನನ್ನನ್ನು ಅಕ್ಕ ಎನ್ನುತ್ತಿದ್ದವಳು. "ಹಂಗೋ ಅಮ್ಮಾರೆ?" ಎಂದಳು. "ತೋಟ ಇರೋರ ಮಕ್ಕಳಿಗೆ ಇಂಗ್ಲಿಷು. ನಮ್ ಮಕ್ಕಳಿಗೆ ಸೋರೋ ಕೋಣೆ ಸಾಕು. ಹಂಗಲ್ವಾ?"

ಆ 'ಅಮ್ಮಾರೆ' ನನಗೆ ತಾಗಿತು. ಅವಳು ಹೇಳಿದ್ದು ಸುಳ್ಳೆಂದು ನನಗೇ ಖಚಿತವಿರಲಿಲ್ಲ. ಬಂದ ಬಸ್ಸನ್ನು ಇಬ್ಬರೂ ಹತ್ತಲಿಲ್ಲ. ನೇರವಾಗಿ ಶಾಲೆಗೆ ನಡೆದೆವು.

ಮಕ್ಕಳು ಮನೆಗೆ ಹೋಗಿದ್ದರು. ಟೀಚರ್ ಒಬ್ಬರೇ ಪೆನ್ಸಿಲ್ ಕೆತ್ತುತ್ತ ಕೂತಿದ್ದರು. ಸುಮಿತ್ರ ನಿಂತೇ ಕೇಳಿದಳು: "ಅವ್ರ ಮಗಳಿಗೊಂದು, ನನ್ ಮಗಳಿಗೊಂದು. ಯಾಕೆ ಟೀಚರ್?"

"ಮಕ್ಕಳು ಬೇರೆ ಬೇರೆ ಅಲ್ವಾ ಸುಮಿತ್ರ. ರಕ್ಷಿತ ಈಗಷ್ಟೇ ಬಾಯಿ ಬಿಟ್ಟಿದ್ದಾಳೆ. ಅಲ್ಲಿ ಗೊತ್ತಿಲ್ಲದ ಭಾಷೇಲಿ ಎದ್ದು ನಿಲ್ಸಿ ಕೇಳಿದ್ರೆ ಮತ್ತೆ ಮುಚ್ಕೊಳ್ತಾಳೆ ಅಂತ ಹೆದ್ರಿಕೆ."

"ಎಲ್ರೂ ನಮ್ ಮಕ್ಕಳ ವಿಷ್ಯದಲ್ಲೇ ಹೆದರ್ಕೊಳ್ತಾರೆ," ಎಂದಳು ಸುಮಿತ್ರ. "ಹೆದ್ರಿ ಹೆದ್ರೀನೇ ನಾವು ಲೈನಲ್ಲಿ ಉಳಿದಿದ್ದು."

ಟೀಚರ ಕೈಯಲ್ಲಿದ್ದ ಬ್ಲೇಡು ನಿಂತಿತು. ತಲೆಯೆತ್ತಿ ಅವಳ ಮುಖ ನೋಡಿದರು. "ಅದೂ ಹೌದು," ಎಂದರು. ಆ ಸಲ ಮಾತ್ರ ಅವರ ದನಿ ಚಿಕ್ಕದಾಗಿತ್ತು.

ನನ್ನ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕಿತ್ತು. ಗಂಡ ಹಿಂದಿನ ರಾತ್ರಿ ಹೇಳಿದ್ದರು, "ಶಾಲೆ ಮುಚ್ಚಿದ್ರೆ ಅವ್ರಿಗೆ ಕಳಸದ ಕಡೆ ವರ್ಗ ಆಗತ್ತೆ, ಅದಕ್ಕೇ ಹಿಂಗೆ," ಎಂದು. ಇದ್ದದ್ದು ಇದ್ದಂತೆ ಕೇಳಿಬಿಟ್ಟೆ. ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ.

"ಕಳಸಕ್ಕೆ ಹೋಗೋಕೆ ನಂಗೆ ತುಂಬಾ ಆಸೆ ಇದೆ," ಎಂದರು. "ವರ್ಷಗಟ್ಟಲೆ ಬಸ್ಸಲ್ಲಿ ಓಡಾಡಿ ಸೊಂಟ ಹೋಯ್ತು. ಆ ಆಸೆ ನಿಮ್ಗೆ ಹೇಳಿದ ಮಾತಲ್ಲಿ ಸೇರ್ಕೊಂಡಿಲ್ಲ ಅಂತ ಹೆಂಗೆ ಹೇಳ್ಲಿ? ಸೇರಿರ್ಬಹುದು. ಅದಕ್ಕೇ ನನ್ನ ಮಾತು ಪೂರ್ತಿ ನಂಬ್ಬೇಡಿ. ಮಗಳನ್ನ ನೀವೇ ನೋಡಿ, ಗೊತ್ತಾಗತ್ತೆ."

ಇಷ್ಟು ಪ್ರಾಮಾಣಿಕವಾದ ಉತ್ತರ ಕೇಳಿ ನನಗೆ ಇನ್ನೂ ದಿಕ್ಕು ತಪ್ಪಿತು. ಸುಳ್ಳು ಹೇಳಿದ್ದರೆ ಎಷ್ಟೋ ಸುಲಭವಿತ್ತು.

ಕೊನೆಗೆ ಆದದ್ದಿಷ್ಟು: ನಾವಿಬ್ಬರೂ ಅವರ ಮಾತಿಗೆ ಸರಿಯಾಗಿ ಉಲ್ಟಾ ಮಾಡಿದೆವು. ಸುಮಿತ್ರ ರಕ್ಷಿತಳನ್ನು ವ್ಯಾನಿಗೆ ಹತ್ತಿಸಿದಳು. ನಾನು ಸಿಂಚನಳನ್ನು ಅಲ್ಲೇ ಉಳಿಸಿದೆ. ಶಾಲೆಯ ಮೇಲಿನ ಪ್ರೀತಿಗೋ ಹಟಕ್ಕೋ, ಅದನ್ನೂ ಹೇಳಲಾರೆ. ಟೀಚರ್ ಇಬ್ಬರಿಗೂ ಮುಖ ತಪ್ಪಿಸಲಿಲ್ಲ. ರಕ್ಷಿತಳ ವರ್ಗಾವಣೆ ಪತ್ರ ಬರೆದುಕೊಟ್ಟ ದಿನ ಅವಳಿಗೆ ಹೊಸ ಪೆನ್ಸಿಲುಗಳನ್ನು ಚೂಪು ಮಾಡಿ ಕೊಟ್ಟು ಕಳಿಸಿದರು. ಅವಳ ಹಿಂದೆ ಲೈನಿನ ಇನ್ನೂ ಕೆಲವು ಮಕ್ಕಳು ಹೋದರು. ಸಿಂಚನ ಐದನೇ ತರಗತಿ ಮುಗಿಸಿದ ಮೇಲೆ ಉಳಿದ ಬೆರಳೆಣಿಕೆಯ ಮಕ್ಕಳನ್ನು ಗೋಣಿಬೀಡಿನ ಶಾಲೆಗೆ ಸೇರಿಸಿ ನಮ್ಮೂರ ಶಾಲೆಗೆ ಬೀಗ ಹಾಕಿದರು. ಟೀಚರಿಗೆ ಕಳಸದ ಕಡೆಯೇ ವರ್ಗವಾಯಿತು. ಹೊರಟ ದಿನ ನನ್ನ ಕೈ ಹಿಡಿದು, "ನಿಮ್ಮಿಬ್ರಲ್ಲಿ ಯಾರ ವಿಷ್ಯದಲ್ಲಿ ನಾನು ತಪ್ಪಿದೆ ಅಂತ ಗೊತ್ತಾದ್ರೆ ತಿಳ್ಸಿ," ಎಂದರು. ತಮಾಷೆಯಿರಬೇಕೆಂದು ನಕ್ಕೆ. ಅವರು ನಗುತ್ತಿರಲಿಲ್ಲ.

ಏನು ತಿಳಿಸಲಿ? ರಕ್ಷಿತ ಮೊದಲ ವರ್ಷವೆಲ್ಲ ವ್ಯಾನಿನಲ್ಲಿ ವಾಂತಿ ಮಾಡಿದಳು, ತರಗತಿಯಲ್ಲಿ ಬಾಯಿಯೇ ಬಿಡಲಿಲ್ಲ. ಸುಮಿತ್ರ ಒಂದು ದಿನ ನಮ್ಮ ಕಣದಲ್ಲಿ ಕೂತು ಅತ್ತಿದ್ದಳು. ಆಮೇಲೆ ಅದು ಹೇಗೋ ತಿರುಗಿತು. ಈಗ ಹೈಸ್ಕೂಲಿನಲ್ಲಿ ವೇದಿಕೆ ಹತ್ತಿ ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಾಳೆ. ತೊದಲು ಬಂದರೆ ನಿಂತು, ಉಸಿರೆಳೆದು, ಮುಂದುವರಿಯುತ್ತಾಳೆ. ಆದರೆ ವ್ಯಾನಿನಿಂದ ಲೈನಿನ ಎದುರು ಇಳಿಯುವುದಿಲ್ಲ, ಒಂದು ತಿರುವು ಮೊದಲೇ ಇಳಿದು ನಡೆದು ಬರುತ್ತಾಳೆ. ಸಿಂಚನಳೂ ಚೆನ್ನಾಗಿ ಓದುತ್ತಾಳೆ. ಅತ್ತೆಗೆ ಹುಷಾರಿಲ್ಲದಾಗ ಮನೆಯನ್ನೆಲ್ಲ ತೂಗಿಸಿದವಳು ಅವಳೇ. ಬಂದವರೆಲ್ಲ ಇಂಥ ಮಗಳು ಬೇಕು ಎನ್ನುತ್ತಾರೆ. ಮೊನ್ನೆ ಹುಟ್ಟುಹಬ್ಬಕ್ಕೆ ಏನು ಬೇಕೆಂದು ಕೇಳಿದೆ. "ನಿಮ್ಗೆ ಯಾವ್ದು ಸುಲಭಾನೋ ಅದು," ಎಂದಳು.

ಕಳೆದ ಕಾಫಿ ಕುಯ್ಲಿನ ಸಮಯ. ನಾನು ಕಣದಲ್ಲಿ ಒಣಗಲು ಹರಡಿದ ಕಾಫಿ ಕೆದಕುತ್ತಿದ್ದಾಗ ಸುಮಿತ್ರ ಬಂದು ನಿಂತಳು. "ಅಕ್ಕ, ದೊಡ್ಡ ಟೀಚರ್ ಹೋಗ್ಬಿಟ್ರಂತೆ," ಎಂದಳು. ನಿವೃತ್ತಿಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಕೈಯಲ್ಲಿದ್ದ ಕೆದಕುವ ಹಲುಬೆಗೋಲನ್ನು ಹಾಗೇ ಬಿಟ್ಟು ಕೂತೆ. ತಿಥಿಯ ದಿನ ಇಬ್ಬರೂ ಬಸ್ಸು ಹಿಡಿದು ಕಳಸಕ್ಕೆ ಹೋದೆವು.

ಅವರ ಮನೆಯಲ್ಲಿ ನಮಗೆ ಗುರುತಿನವರು ಯಾರೂ ಇರಲಿಲ್ಲ. ಮಗಳೇ ಬಂದು ಮಾತಾಡಿಸಿದಳು. ತಾಯಿಯದೇ ಮುಖ. ಊಟವಾದ ಮೇಲೆ ಹಿತ್ತಿಲ ಕಟ್ಟೆಯಲ್ಲಿ ನಮ್ಮ ಜೊತೆ ಕೂತಳು. ಅಮ್ಮ ನಿಮ್ಮಿಬ್ಬರ ವಿಷಯ ಹೇಳುತ್ತಿದ್ದರು ಎಂದಳು. "ನಿಮ್ಮನ್ನ ಎಲ್ಲಿ ಓದಿಸಿದ್ರು?" ಎಂದು ಕೇಳಿದೆ.

"ಐದನೇ ಕ್ಲಾಸಿನವರೆಗೆ ಅಮ್ಮ ಆಗ ಇದ್ದ ಶಾಲೆಯಲ್ಲೇ. ಆಮೇಲೆ ಹಾಸ್ಟೆಲ್. ಯಾವ್ದು ಸರಿ ಇತ್ತು ಅಮ್ಮ ಅಂತ ಒಂದ್ಸಲ ಕೇಳಿದ್ದೆ. ಎರಡೂ ತಪ್ಪು ಅಂದಿದ್ರು."

ಅಷ್ಟರಲ್ಲಿ ಅವಳ ಮಗಳು, ನಾಲ್ಕು ವರ್ಷದ ಕೂಸು, ಓಡಿ ಬಂದು ತೊಡೆಯೇರಿತು. ಮಗುವಿನ ಕೂದಲು ಸರಿಮಾಡುತ್ತ ಅವಳು ತಗ್ಗಿದ ದನಿಯಲ್ಲಿ ಕೇಳಿದಳು: "ಇವ್ಳನ್ನ ಶಾಲೆಗೆ ಹಾಕ್ಬೇಕು. ಇಲ್ಲೇ ಹತ್ರ ಸರ್ಕಾರಿ ಶಾಲೆ ಉಂಟು. ದೂರದಲ್ಲಿ ಇಂಗ್ಲಿಷ್ ಮೀಡಿಯಂ ಉಂಟು, ವ್ಯಾನ್ ಬರತ್ತೆ. ಅಮ್ಮನ್ನ ಕೇಳೋಣ ಅಂತಿದ್ದೆ. ಆಗ್ಲಿಲ್ಲ. ನೀವಿಬ್ರೂ ಎರಡನ್ನೂ ನೋಡಿದೋರು. ಯಾವುದಕ್ಕೆ ಹಾಕ್ಲಿ?"

"ಹತ್ತಿರದ್ದಕ್ಕೇ ಹಾಕಿ," ಎಂದಳು ಸುಮಿತ್ರ.

"ವ್ಯಾನಿಗೇ ಕಳ್ಸಿ," ಎಂದೆ ನಾನು.

ಎರಡೂ ಮಾತು ಒಟ್ಟಿಗೇ ಹೊರಬಿದ್ದವು. ಅವಳು ಒಮ್ಮೆ ನನ್ನನ್ನು, ಒಮ್ಮೆ ಸುಮಿತ್ರಳನ್ನು ನೋಡಿದಳು. ಆ ಸಾವಿನ ಮನೆಯಲ್ಲಿ, ತಾಯಿಯ ತಿಥಿಯ ದಿನ, ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅತ್ತುಬಿಟ್ಟಳು.

ವಾಪಸು ಬರುವಾಗ ಬಸ್ಸು ಬಾಳೂರು ದಾಟಿತು. ಆಮೇಲೆ ನಾನೇ ಕೇಳಿದೆ. "ಅಲ್ಲ ಸುಮಿತ್ರ, ಅಷ್ಟು ಹಟ ಹಿಡಿದು ವ್ಯಾನಿಗೆ ಕಳ್ಸಿದವಳು ನೀನು. ಅವ್ರಿಗೆ ಯಾಕೆ ಹತ್ತಿರದ್ದು ಅಂದೆ?"

ಅವಳು ಕಿಟಕಿಯ ಕಡೆಯೇ ನೋಡುತ್ತಿದ್ದಳು. "ನಿಮ್ ಸಿಂಚನನ್ನ ನೋಡಿ ಹೇಳ್ದೆ ಅಕ್ಕ. ಮತ್ತೆ ನೀವು?"

"ನಾನು ನಿನ್ನ ರಕ್ಷಿತನ್ನ ನೋಡಿ."

ಸುಮಿತ್ರ ಈ ಕಡೆ ತಿರುಗಿದಳು. ತನ್ನ ಮಗಳ ಬಗ್ಗೆ ತನಗೆ ತಿಳಿಯದ್ದೇನೋ ನನಗೆ ತಿಳಿದಿದೆಯೇ ಎಂಬಂತೆ ನನ್ನ ಮುಖ ನೋಡಿದಳು. "ಅವಳಲ್ಲಿ ಏನು ಕಂಡ್ರಿ?" ಎಂದಳು. ಹೇಳತೊಡಗಿದೆ. ಮೂಡಿಗೆರೆ ಬರುವವರೆಗೂ ಅವಳ ಮಗಳನ್ನು ನಾನು, ನನ್ನ ಮಗಳನ್ನು ಅವಳು ಹೊಗಳುತ್ತಲೇ ಇದ್ದೆವು.